ಕೈಗೆ ಸಿಗದ ಸರ್ವರನ್ನು ದೂರದಿಂದಲೇ ಹಿಡಿತಕ್ಕೆ ತರುವುದು: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡುವವರ ಲಿನಕ್ಸ್ ಸರ್ವರ್ ಮುಂಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇರುವುದು ಈಗ ಮಾಮೂಲು. ಅದು ಕೈಕೊಟ್ಟಾಗ ಎದ್ದು ಹೋಗಿ ಮಾನಿಟರ್ ಜೋಡಿಸಿ ನೋಡುವ ಅವಕಾಶ ಇರುವುದಿಲ್ಲ; ಇರುವುದು ಒಂದು ಟರ್ಮಿನಲ್, ಒಂದು ಬ್ರೌಸರ್ ಮತ್ತು ಫೋನಿನ ಆ ತುದಿಯಲ್ಲಿ ಕಾಯುತ್ತಿರುವ ಗ್ರಾಹಕರು. ಇಂಥ ಹೊತ್ತಿನಲ್ಲಿ ಬಹುಪಾಲು ಜನರ ಕೈ ಮೊದಲು ಹೋಗುವುದು ಕಂಟ್ರೋಲ್ ಪ್ಯಾನೆಲ್‌ನ ರೀಬೂಟ್ ಗುಂಡಿಯ ಕಡೆಗೆ. ಅದನ್ನು ಒತ್ತಲೇಬಾರದೆಂದಲ್ಲ, ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳು ಬಹಳಷ್ಟಿವೆ. ಓಡುತ್ತಿರುವ ಯಂತ್ರದ ಮೆಮೊರಿಯಲ್ಲಿ ದೋಷದ ಕುರುಹುಗಳು ಇನ್ನೂ ಉಳಿದಿರುತ್ತವೆ, ರೀಬೂಟ್ ಆದ ಕೂಡಲೇ ಅವು ಅಳಿಸಿಹೋಗುತ್ತವೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಕುಂಟುತ್ತಲಾದರೂ ನಡೆಯುತ್ತಿದ್ದ ಯಂತ್ರ ಮತ್ತೆ ಏಳದೆಯೇ ಹೋಗಬಹುದು.

“ಸರ್ವರ್ ಸತ್ತಿದೆ” ಎಂದು ಹೇಳುತ್ತೇವಾದರೂ ಪೂರ್ತಿ ಸತ್ತ ಯಂತ್ರ ಅಪರೂಪ. ಸಾಮಾನ್ಯವಾಗಿ ಒಂದು ಪದರ ಸಿಕ್ಕಿಕೊಂಡಿರುತ್ತದೆ, ಅದರ ಕೆಳಗಿನ ಪದರ ಜೀವಂತವಾಗಿರುತ್ತದೆ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ನಿಂತರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಓಡುತ್ತಿರಬಹುದು, ಕರ್ನಲ್ ನಿಂತರೂ ಮದರ್‌ಬೋರ್ಡಿನ ನಿರ್ವಹಣಾ ಚಿಪ್ ಮಾತನಾಡಬಹುದು, ಆಪರೇಟಿಂಗ್ ಸಿಸ್ಟಂ ಕೆಟ್ಟಿದ್ದರೂ ಡಿಸ್ಕಿನಲ್ಲಿರುವ ಮಾಹಿತಿ ಸುರಕ್ಷಿತವಾಗಿರಬಹುದು. ಆದ್ದರಿಂದ ಯಾವ ಪದರ ಬದುಕಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ, ಅದಕ್ಕೆ ತಕ್ಕ ದಾರಿ ಹಿಡಿಯುವುದೇ ಇಲ್ಲಿ ಅನುಸರಿಸಿರುವ ಕ್ರಮ. ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಹಂತ 1: ತೆರೆದಿರುವ ಸೆಷನ್ ಮುಚ್ಚಬೇಡಿ, ದೋಷಸಂದೇಶವನ್ನು ಓದಿ

ನಿಮ್ಮದೋ ಸಹೋದ್ಯೋಗಿಯದೋ ಹಳೆಯ ಎಸ್‌ಎಸ್‌ಎಚ್ ಸೆಷನ್ ಒಂದು ಇನ್ನೂ ತೆರೆದಿದ್ದರೆ ಅದಕ್ಕಿಂತ ಬೆಲೆಬಾಳುವುದು ಆ ಹೊತ್ತಿನಲ್ಲಿ ಬೇರೇನೂ ಇಲ್ಲ. ಅದು ನಿಧಾನವಾಗಿದೆ ಎಂದು ಮುಚ್ಚಿ ಹೊಸದನ್ನು ತೆರೆಯಲು ಹೋಗಬೇಡಿ. ಪ್ರಯೋಗಗಳೆಲ್ಲ ಬೇರೆ ಟರ್ಮಿನಲ್‌ನಲ್ಲಿ ನಡೆಯಲಿ.

ಹೊಸ ಸಂಪರ್ಕಕ್ಕೆ ಯತ್ನಿಸಿದಾಗ ಬರುವ ಉತ್ತರವನ್ನು ಅಕ್ಷರಶಃ ಓದಬೇಕು, ಏಕೆಂದರೆ ಒಂದೊಂದು ಉತ್ತರವೂ ಒಂದೊಂದು ಪದರದ ಸುದ್ದಿ ಹೇಳುತ್ತದೆ. “ಕನೆಕ್ಷನ್ ರೆಫ್ಯೂಸ್ಡ್” ಎಂದು ಬಂದರೆ ಅದು ಒಳ್ಳೆಯ ಸುದ್ದಿ: ಆ ಕಡೆಯಿಂದ ಯಾರೋ ಉತ್ತರ ಕೊಟ್ಟಿದ್ದಾರೆ, ಅಂದರೆ ಬಹುತೇಕ ಯಂತ್ರವೂ ನೆಟ್‌ವರ್ಕೂ ನಡೆಯುತ್ತಿವೆ, ಎಸ್‌ಎಸ್‌ಎಚ್ ಸೇವೆ ಮಾತ್ರ ನಿಂತಿದೆ ಅಥವಾ ಫೈರ್‌ವಾಲ್ ನಿಮ್ಮನ್ನು ತಿರಸ್ಕರಿಸುತ್ತಿದೆ. ಪಾಸ್‌ವರ್ಡ್ ತಪ್ಪಾಗಿ ಕೊಟ್ಟವರನ್ನು ತಡೆಯುವ ಫೇಲ್‌ಟುಬ್ಯಾನ್ ಸಹ ತನ್ನ ಮೂಲ ಹೊಂದಾಣಿಕೆಯಲ್ಲಿ ಹೀಗೆಯೇ ತಿರಸ್ಕರಿಸುತ್ತದೆ. ಆದ್ದರಿಂದ ಸರ್ವರನ್ನು ದೂರುವ ಮೊದಲು ಮೊಬೈಲ್ ಹಾಟ್‌ಸ್ಪಾಟ್ ಮೂಲಕ, ಅಂದರೆ ಬೇರೆ ಐಪಿ ವಿಳಾಸದಿಂದ, ಒಮ್ಮೆ ಯತ್ನಿಸಿ ನೋಡಿ. “ಕನೆಕ್ಷನ್ ಟೈಮ್ಡ್ ಔಟ್” ಎಂದರೆ ಪ್ಯಾಕೆಟ್‌ಗಳು (ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ತುಣುಕುಗಳು) ದಾರಿಯಲ್ಲೆಲ್ಲೋ ಕಳೆದುಹೋಗುತ್ತಿವೆ. ಯಂತ್ರ ಆರಿರಬಹುದು, ಅವು ಸಾಗುವ ಮಾರ್ಗ ತಪ್ಪಿರಬಹುದು, ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿರಬಹುದು. ಪಿಂಗ್‌ಗೆ (ಯಂತ್ರ ಎಚ್ಚರವಿದೆಯೇ ಎಂದು ಕೇಳುವ ಆಜ್ಞೆ) ಉತ್ತರ ಬಾರದಿರುವುದು ಇಲ್ಲಿ ಸಾಕ್ಷಿಯಾಗದು, ಏಕೆಂದರೆ ಅನೇಕ ಕಡೆ ಅದನ್ನು ಬೇಕೆಂದೇ ತಡೆದಿರುತ್ತಾರೆ. “ಪರ್ಮಿಷನ್ ಡಿನೈಡ್” ಎಂದರೆ ಯಂತ್ರ ನಡೆಯುತ್ತಿದೆ, ಕೆಟ್ಟಿರುವುದು ಕೀ (ಪಾಸ್‌ವರ್ಡಿನ ಬದಲು ಬಳಸುವ ಗುರುತಿನ ಕಡತ) ಅಥವಾ ಹೋಂ ಡೈರೆಕ್ಟರಿಯ ಅನುಮತಿಗಳು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಸಂಪರ್ಕ ಸಿಕ್ಕೂ ಏನೂ ನಡೆಯದ ಸ್ಥಿತಿ. ಎಸ್‌ಎಸ್‌ಎಚ್ ಆಜ್ಞೆಗೆ ಹೈಫನ್ ವಿ ಸೇರಿಸಿ ಓಡಿಸಿದರೆ “ಕನೆಕ್ಷನ್ ಎಸ್ಟಾಬ್ಲಿಷ್ಡ್” ಎಂಬ ಸಾಲಿನ ನಂತರ ಎಲ್ಲವೂ ನಿಂತಿರುವುದು ಕಾಣುತ್ತದೆ. ಟಿಸಿಪಿಯ ಆರಂಭಿಕ ಕೈಕುಲುಕನ್ನು ಮುಗಿಸುವುದು ಕರ್ನಲ್. ಆಮೇಲೆ ಮಾತನಾಡಬೇಕಾದದ್ದು ಎಸ್‌ಎಸ್‌ಎಚ್ ಪ್ರೋಗ್ರಾಂ. ಮೊದಲನೆಯದು ನಡೆದು ಎರಡನೆಯದು ನಡೆಯಲಿಲ್ಲವೆಂದರೆ ಕರ್ನಲ್ ಬದುಕಿದೆ, ಅದರ ಮೇಲಿನ ಲೋಕ ಮೆಮೊರಿಗಾಗಿಯೋ ಡಿಸ್ಕಿಗಾಗಿಯೋ ಕಾಯುತ್ತಾ ಕುಳಿತಿದೆ ಎಂದರ್ಥ. ಇದರಂತೆಯೇ ಕಾಣುವ ಇನ್ನೊಂದು ದೋಷವಿದೆ: ಸರ್ವರಿನ ಬ್ಯಾನರ್ (ಆವೃತ್ತಿ ಹೇಳುವ ಮೊದಲ ಸಾಲು) ಬಂದು, ಕೀ ವಿನಿಮಯದ ಉತ್ತರಕ್ಕಾಗಿ ಕಾಯುತ್ತಿದ್ದೇನೆ ಎಂಬಲ್ಲಿ ನಿಂತರೆ, ವಿಶೇಷವಾಗಿ ವಿಪಿಎನ್ ಬಳಸುವಾಗ, ದೊಡ್ಡ ಪ್ಯಾಕೆಟ್‌ಗಳು ದಾಟುತ್ತಿಲ್ಲವೆಂದು ಶಂಕಿಸಬೇಕು. ನಿಮ್ಮ ಕಡೆಯ ಇಂಟರ್‌ಫೇಸಿನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮೌಲ್ಯವನ್ನು 1500ರಿಂದ 1300ಕ್ಕೆ ಇಳಿಸಿದೊಡನೆ ಲಾಗಿನ್ ಆದರೆ ಸರ್ವರಿನಲ್ಲಿ ದೋಷವೇ ಇರಲಿಲ್ಲ.

ಹೋಸ್ಟ್ ಕೀ (ಸರ್ವರಿನ ಗುರುತು) ಬದಲಾಗಿದೆ ಎಂಬ ಎಚ್ಚರಿಕೆ ಬಂದಲ್ಲಿ ಅವಸರದಲ್ಲಿ ಹಳೆಯ ಕೀ ಅಳಿಸಿ ಮುಂದೆ ಹೋಗಬೇಡಿ. ಯಂತ್ರವನ್ನು ಯಾರಾದರೂ ರೆಸ್ಕ್ಯೂ ಮೋಡ್‌ನಲ್ಲಿ (ಹಂತ 6 ನೋಡಿ) ಎಬ್ಬಿಸಿದ್ದಾರೆಯೇ, ಆ ಐಪಿ ಬೇರೆಯವರ ಪಾಲಾಗಿದೆಯೇ ಎಂದು ಮೊದಲು ವಿಚಾರಿಸಿ.

ಹಂತ 2: ಉಸಿರುಗಟ್ಟಿದ ಯಂತ್ರದೊಳಗೆ ನುಸುಳುವುದು

ಲೋಡ್ ಮಿತಿಮೀರಿದ ಯಂತ್ರಕ್ಕೆ ಸಾಮಾನ್ಯ ಲಾಗಿನ್ ಕೂಡ ಭಾರವೇ. ಸ್ವಾಗತ ಸಂದೇಶ, ಪ್ರೊಫೈಲ್ ಕಡತ, ಪ್ರಾಂಪ್ಟ್ ಅಲಂಕಾರ ಎಲ್ಲವೂ ಹೊಸ ಹೊಸ ಪ್ರೋಗ್ರಾಂಗಳನ್ನು ಹುಟ್ಟಿಸುತ್ತವೆ. ಆದ್ದರಿಂದ ಎಸ್‌ಎಸ್‌ಎಚ್‌ಗೆ ಹೈಫನ್ ದೊಡ್ಡಕ್ಷರದ ಟಿ ಕೊಟ್ಟು, ಜೊತೆಗೆ ನೋಪ್ರೊಫೈಲ್ ಮತ್ತು ನೋಆರ್‌ಸಿ ಆಯ್ಕೆಗಳಿರುವ ಬ್ಯಾಷ್ ಶೆಲ್ಲನ್ನು (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ನೇರವಾಗಿ ಕೇಳಿ. ಪ್ರಾಂಪ್ಟ್ ಕಾಣುವುದಿಲ್ಲ, ಆದರೆ ಆಜ್ಞೆಗಳು ನಡೆಯುತ್ತವೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ತನ್ನ ಮೂಲ ಹೊಂದಾಣಿಕೆಯಲ್ಲಿ ಲಾಗಿನ್ ಪೂರೈಸಲು 120 ಸೆಕೆಂಡ್ ಮಾತ್ರ ಕೊಡುತ್ತದೆ. ಯಂತ್ರ ಅದಕ್ಕಿಂತ ನಿಧಾನವಾಗಿದ್ದರೆ ಒಂದಾದ ಮೇಲೊಂದರಂತೆ ಯತ್ನಿಸುತ್ತಲೇ ಇರಬೇಕು. ಏಕಕಾಲಕ್ಕೆ ಇಪ್ಪತ್ತು ಟರ್ಮಿನಲ್ ತೆರೆದರೆ ಮಾತ್ರ ಕೆಲಸ ಕೆಡುತ್ತದೆ, ಏಕೆಂದರೆ ಲಾಗಿನ್ ಆಗದ ಸಂಪರ್ಕಗಳು ಹತ್ತು ದಾಟಿದೊಡನೆ ಸರ್ವರ್ ಹೊಸದನ್ನು ಕೈಗೆ ಬಂದಂತೆ ಕತ್ತರಿಸತೊಡಗುತ್ತದೆ.

ಒಳಗೆ ಹೋದ ಮೇಲೆ ಎಲ್‌ಎಸ್ ಎಂದು ಒತ್ತಿದರೂ “ಫೋರ್ಕ್” ಆಗುತ್ತಿಲ್ಲ ಎಂಬ ಗೊಣಗಾಟ ಬರಬಹುದು. ಹೊಸ ಪ್ರಕ್ರಿಯೆ ಹುಟ್ಟಿಸಲು ಯಂತ್ರಕ್ಕೆ ಶಕ್ತಿಯಿಲ್ಲ. ಆಗ ಶೆಲ್ಲಿನೊಳಗೇ ಅಡಕವಾಗಿರುವ ಆಜ್ಞೆಗಳನ್ನಷ್ಟೇ ನೆಚ್ಚಬೇಕು. ಎಕೋ ಮತ್ತು ನಕ್ಷತ್ರ ಚಿಹ್ನೆ ಸೇರಿದರೆ ಡೈರೆಕ್ಟರಿಯ ಪಟ್ಟಿ ಸಿಗುತ್ತದೆ, ರೀಡ್ ಆಜ್ಞೆಯಿಂದ ಕಡತವನ್ನು ಸಾಲು ಸಾಲಾಗಿ ಓದಬಹುದು, ಪ್ರೋಕ್ ಡೈರೆಕ್ಟರಿಯಲ್ಲಿರುವ ಅಂಕಿಗಳೇ ಪ್ರಕ್ರಿಯೆಗಳ ಗುರುತು ಸಂಖ್ಯೆಗಳು, ಮತ್ತು ಬ್ಯಾಷ್‌ನಲ್ಲಿ ಕಿಲ್ ಕೂಡ ಒಳಗಿನದೇ ಆದ್ದರಿಂದ ಹೊಸ ಪ್ರಕ್ರಿಯೆಯ ಅಗತ್ಯವಿಲ್ಲ. ತನ್ನನ್ನೇ ತಾನು ಹುಟ್ಟಿಸಿಕೊಳ್ಳುತ್ತಾ ಹೋಗುವ ಪ್ರೋಗ್ರಾಂ ಆಗಿದ್ದರೆ ಒಂದೊಂದನ್ನೇ ಕೊಲ್ಲಬೇಡಿ, ಖಾಲಿಯಾದ ಜಾಗವನ್ನು ಇನ್ನೊಂದು ತಕ್ಷಣ ತುಂಬುತ್ತದೆ. ಮೊದಲು ಎಲ್ಲಕ್ಕೂ ಸ್ಟಾಪ್ ಸಂಕೇತ ಕಳಿಸಿ ನಿಲ್ಲಿಸಿ, ಆಮೇಲೆ ಕಿಲ್ ಮಾಡಿ.

ಡಿಸ್ಕ್ ತುಂಬಿರುವುದು ಇನ್ನೊಂದು ಸರ್ವೇಸಾಮಾನ್ಯ ಕಾರಣ. ಡಿಎಫ್ ಹೈಫನ್ ಎಚ್ ಜಾಗವನ್ನು ತೋರಿಸುತ್ತದೆ, ಡಿಎಫ್ ಹೈಫನ್ ಐ ಐನೋಡ್‌ಗಳನ್ನು (ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ದಾಖಲೆ) ತೋರಿಸುತ್ತದೆ. ಜಾಗ ಧಾರಾಳವಾಗಿದ್ದೂ ಲಕ್ಷಾಂತರ ಪುಟ್ಟ ಕಡತಗಳಿಂದ ಐನೋಡ್ ಮುಗಿದಿರುವುದುಂಟು. ದೊಡ್ಡ ಲಾಗ್ ಕಡತ ಸಿಕ್ಕಿತೆಂದು ಅದನ್ನು ಅಳಿಸಿಬಿಟ್ಟರೆ ಜಾಗ ಮರಳುವುದಿಲ್ಲ, ಏಕೆಂದರೆ ಅದನ್ನು ತೆರೆದಿಟ್ಟುಕೊಂಡಿರುವ ಪ್ರೋಗ್ರಾಂ ಬಿಡುವವರೆಗೆ ಕರ್ನಲ್ ಆ ಜಾಗವನ್ನು ಹಿಡಿದೇ ಇರುತ್ತದೆ. ಅಳಿಸುವ ಬದಲು ಕಡತವನ್ನು ಬರಿದು ಮಾಡಬೇಕು: ಒಂದು ಕೋಲನ್ ಚಿಹ್ನೆ, ಆಮೇಲೆ ಬಲಬಾಣದ ಚಿಹ್ನೆ, ಆಮೇಲೆ ಕಡತದ ಹೆಸರು. ಈಗಾಗಲೇ ಅಳಿಸಿಯಾಗಿದ್ದರೆ ಎಲ್‌ಎಸ್‌ಒಎಫ್ ಆಜ್ಞೆಗೆ ಪ್ಲಸ್ ದೊಡ್ಡಕ್ಷರದ ಎಲ್ 1 ಎಂದು ಕೊಟ್ಟು ಅದನ್ನು ಹಿಡಿದಿರುವ ಪ್ರೋಗ್ರಾಂ ಯಾವುದೆಂದು ತಿಳಿದು, ಅದನ್ನು ಮರುಪ್ರಾರಂಭಿಸಿ.

ಹಂತ 3: ರೀಬೂಟ್ ಅನಿವಾರ್ಯವಾದಾಗ

ರೀಬೂಟ್ ಮಾಡಲೇಬೇಕೆಂದಾದರೆ ಮೊದಲು ಡಿಎಂಇಎಸ್‌ಜಿ ಆಜ್ಞೆಯ ಫಲಿತಾಂಶವನ್ನು ನಿಮ್ಮ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ಮೆಮೊರಿ ಮುಗಿದು ಕರ್ನಲ್ ಯಾವ ಪ್ರಕ್ರಿಯೆಯನ್ನು ಕೊಂದಿತು, ಯಾವ ಡಿಸ್ಕ್ ಓದಲಾಗದೆ ತಡವರಿಸಿತು ಎಂಬುದೆಲ್ಲ ಅಲ್ಲಿರುತ್ತದೆ. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತವನ್ನು ಯಾರಾದರೂ ಇತ್ತೀಚೆಗೆ ಮುಟ್ಟಿದ್ದಾರೆಯೇ, ಬೂಟ್ ವಿಭಾಗ ತುಂಬಿ ಹೊಸ ಕರ್ನಲ್ ಅರ್ಧಕ್ಕೆ ನಿಂತಿದೆಯೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಮಾಮೂಲಿ ರೀಬೂಟ್ ಆಜ್ಞೆ ಪ್ರತಿಯೊಂದು ಸೇವೆಯನ್ನೂ ವಿನಯದಿಂದ ನಿಲ್ಲಿಸಲು ಹೊರಡುತ್ತದೆ, ಹಾಗಾಗಿ ಕೆಟ್ಟ ಡಿಸ್ಕಿನ ಮೇಲೆ ಅದು ಮಧ್ಯದಲ್ಲೇ ನಿಂತು, ಎಸ್‌ಎಸ್‌ಎಚ್ ಆರಿ, ಯಂತ್ರ ಮಾತ್ರ ಆರದೆ ಉಳಿಯುವ ಸಾಧ್ಯತೆಯಿದೆ. ರೂಟ್ ಡಿಸ್ಕೇ (ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್) ಕಳಚಿಹೋಗಿದ್ದರೆ ಆ ಆಜ್ಞೆಯ ಕಡತವನ್ನು ಓದಲೂ ಆಗದೆ “ಇನ್‌ಪುಟ್ ಔಟ್‌ಪುಟ್ ಎರರ್” ಬರುತ್ತದೆ. ಇಲ್ಲಿ ನೆರವಿಗೆ ಬರುವುದು ಕರ್ನಲ್ಲಿನೊಳಗೇ ಇರುವ ಸಿಸ್‌ಆರ್‌ಕ್ಯೂ ವ್ಯವಸ್ಥೆ. ಪ್ರೋಕ್ ಡೈರೆಕ್ಟರಿಯಲ್ಲಿ ಸಿಸ್‌ಆರ್‌ಕ್ಯೂ-ಟ್ರಿಗರ್ ಎಂಬ ಕಡತವಿದೆ. ಅದಕ್ಕೆ ಎಕೋ ಮೂಲಕ ಒಂದೊಂದೇ ಅಕ್ಷರ ಬರೆಯಬೇಕು. ಎಸ್ ಬರೆದರೆ ಮೆಮೊರಿಯಲ್ಲಿರುವುದು ಡಿಸ್ಕಿಗೆ ಇಳಿಯುತ್ತದೆ, ಯು ಬರೆದರೆ ಫೈಲ್ ಸಿಸ್ಟಂಗಳು ಓದಲು ಮಾತ್ರ ಎಂಬ ಸ್ಥಿತಿಗೆ ಬರುತ್ತವೆ, ಬಿ ಬರೆದರೆ ಯಂತ್ರ ಆ ಕ್ಷಣವೇ ರೀಬೂಟ್ ಆಗುತ್ತದೆ. ಈ ಮೂರನ್ನೂ ಇದೇ ಕ್ರಮದಲ್ಲಿ, ನಡುವೆ ಕೆಲವು ಸೆಕೆಂಡ್ ಬಿಡುವು ಕೊಟ್ಟು ಬರೆಯಿರಿ. ಮೆಮೊರಿ ಮುಗಿದು ಯಂತ್ರ ತೆವಳುತ್ತಿದ್ದರೆ ರೀಬೂಟ್‌ಗೂ ಮೊದಲು ಎಫ್ ಎಂದು ಬರೆದು ನೋಡಬಹುದು. ಅತಿ ಹೆಚ್ಚು ಮೆಮೊರಿ ನುಂಗಿದ ಪ್ರಕ್ರಿಯೆಯನ್ನು ಕರ್ನಲ್ ತಾನೇ ಆರಿಸಿ ಕೊಲ್ಲುತ್ತದೆ.

ಇದಕ್ಕೆ ರೂಟ್ (ಸರ್ವಾಧಿಕಾರವಿರುವ ಖಾತೆ) ಶೆಲ್ ಬೇಕು. ರೂಟ್ ಅಧಿಕಾರದಲ್ಲಿ ಆಜ್ಞೆ ನಡೆಸುವ ಸುಡೋವನ್ನು ನೆಚ್ಚಿ ಸುಡೋ ಎಕೋ ಎಂದು ಬರೆದು ಬಾಣದ ಚಿಹ್ನೆ ಹಾಕಿದರೆ ನಡೆಯುವುದಿಲ್ಲ, ಏಕೆಂದರೆ ಕಡತವನ್ನು ತೆರೆಯುವುದು ಸುಡೋ ಅಲ್ಲ, ನಿಮ್ಮ ಶೆಲ್. ಬಂದದ್ದನ್ನು ಕಡತಕ್ಕೆ ಬರೆಯುವ ಟೀ ಆಜ್ಞೆಯನ್ನು ಸುಡೋ ಜೊತೆ ಬಳಸಬಹುದು, ಆದರೆ ಡಿಸ್ಕ್ ಓದಲಾಗದ ಸ್ಥಿತಿಯಲ್ಲಿ ಸುಡೋ ಕೂಡ ಏಳುವುದು ಅನುಮಾನ. ಬಿ ಬರೆದ ಮೇಲೆ ಸೆಷನ್ ಉತ್ತರವಿಲ್ಲದೆ ಹೆಪ್ಪುಗಟ್ಟುತ್ತದೆ, ಗಾಬರಿಯಾಗಬೇಕಿಲ್ಲ. ಎಂಟರ್, ಟಿಲ್ಡೆ, ಚುಕ್ಕಿ ಈ ಮೂರನ್ನು ಒತ್ತಿ ಹೊರಬನ್ನಿ.

ಹಂತ 4: ಪಕ್ಕದ ದಾರಿಗಳು

ಎಸ್‌ಎಸ್‌ಎಚ್ ಪೂರ್ತಿ ಮುಚ್ಚಿದ್ದರೆ ಅದೇ ನೆಟ್‌ವರ್ಕಿನ ಇನ್ನೊಂದು ಸರ್ವರಿಗೆ ಹೋಗಿ ಅಲ್ಲಿಂದ ಯತ್ನಿಸಿ. ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು) ತಪ್ಪಿದ್ದರೂ ಪಕ್ಕದ ಯಂತ್ರಕ್ಕೆ ದಾರಿ ಇರುತ್ತದೆ. ಐಪಿವಿ4 ವಿಳಾಸವೇ ಅಳಿಸಿಹೋಗಿದ್ದರೂ ಐಪಿವಿ6ರ ಲಿಂಕ್-ಲೋಕಲ್ ವಿಳಾಸ (ಅದೇ ನೆಟ್‌ವರ್ಕಿನೊಳಗೆ ಮಾತ್ರ ನಡೆಯುವುದು) ಸಾಮಾನ್ಯವಾಗಿ ತಾನಾಗಿಯೇ ಉಳಿದಿರುತ್ತದೆ. ವಿಳಾಸದ ಕೊನೆಯಲ್ಲಿ ಶೇಕಡಾ ಚಿಹ್ನೆ ಹಾಕಿ ಇಂಟರ್‌ಫೇಸಿನ ಹೆಸರು ಸೇರಿಸಿದರೆ ಅದರ ಮೂಲಕವೇ ಲಾಗಿನ್ ಆಗಬಹುದು.

ಸ್ವಂತ ಯಂತ್ರವಾದರೆ ಮುಂದಿನ ದಾರಿ ಅದರ ನಿರ್ವಹಣಾ ಚಿಪ್. ಡೆಲ್ ಇದನ್ನು ಐಡ್ರ್ಯಾಕ್ ಎನ್ನುತ್ತದೆ, ಎಚ್‌ಪಿಇ ಐಎಲ್‌ಒ ಎನ್ನುತ್ತದೆ, ಸೂಪರ್‌ಮೈಕ್ರೋ ಯಂತ್ರಗಳಲ್ಲಿ ಐಪಿಎಂಐ ಎಂಬ ಸಾಮಾನ್ಯ ಹೆಸರಿನಲ್ಲೇ ಗುರುತಿಸುತ್ತಾರೆ. ಮುಖ್ಯ ಯಂತ್ರ ಆರಿದ್ದರೂ ವಿದ್ಯುತ್ ಬರುತ್ತಿರುವವರೆಗೆ ಇದು ಎಚ್ಚರವಾಗಿರುತ್ತದೆ. ಬ್ರೌಸರಿನಲ್ಲಿ ಪರದೆ ಮತ್ತು ಕೀಬೋರ್ಡ್ ಎರಡೂ ಸಿಗುತ್ತವೆ. ಪರದೆಯ ಮೇಲೆ ನಿಂತಿರುವ ಕೊನೆಯ ಸಾಲುಗಳ ಚಿತ್ರ ತೆಗೆದುಕೊಳ್ಳುವುದು ಇಲ್ಲಿ ಮೊದಲ ಕೆಲಸ. ಆಜ್ಞೆಯ ಮೂಲಕ ಹೋಗುವವರು ಐಪಿಎಂಐಟೂಲ್ ಬಳಸಿ, ಲ್ಯಾನ್‌ಪ್ಲಸ್ ಇಂಟರ್‌ಫೇಸ್ ಆರಿಸಿ, ಎಸ್‌ಇಎಲ್ ಲಿಸ್ಟ್ ಎಂದು ಕೊಟ್ಟು ಹಾರ್ಡ್‌ವೇರಿನ ದಾಖಲೆ ಓದಬೇಕು. ಮೆಮೊರಿ ದೋಷ, ಬಿಸಿ ಏರಿಕೆ, ವಿದ್ಯುತ್ ಘಟಕದ ಸೋಲು ಅಲ್ಲಿ ಬರೆದಿರುತ್ತವೆ. ಎಸ್‌ಒಎಲ್ ಆಕ್ಟಿವೇಟ್ ಎಂದರೆ ಸೀರಿಯಲ್ ಕನ್ಸೋಲ್ (ಯಂತ್ರದ ಅಕ್ಷರರೂಪದ ಪರದೆ) ತೆರೆಯುತ್ತದೆ. ಅದರಿಂದ ಹೊರಬರಲೂ ಟಿಲ್ಡೆ ಮತ್ತು ಚುಕ್ಕಿಯೇ. ನೀವು ಎಸ್‌ಎಸ್‌ಎಚ್ ಒಳಗಿನಿಂದ ಅಲ್ಲಿಗೆ ಹೋಗಿದ್ದರೆ ಟಿಲ್ಡೆಯನ್ನು ಎರಡು ಸಲ ಒತ್ತಬೇಕು, ಇಲ್ಲವಾದರೆ ಕಡಿದುಹೋಗುವುದು ಹೊರಗಿನ ಸೆಷನ್. ಪವರ್ ವಿಷಯದಲ್ಲಿ ಮೊದಲು ಸಾಫ್ಟ್ (ಆಪರೇಟಿಂಗ್ ಸಿಸ್ಟಮ್ಮಿಗೆ ಆರಲು ಹೇಳುವುದು), ಅದಕ್ಕೆ ಜಗ್ಗದಿದ್ದರೆ ರೀಸೆಟ್, ಕೊನೆಗೆ ಸೈಕಲ್ (ವಿದ್ಯುತ್ ಕಡಿದು ಮತ್ತೆ ಕೊಡುವುದು) ಎಂಬ ಕ್ರಮವಿರಲಿ. ಚಿಪ್ ತಾನೇ ಸಿಕ್ಕಿಕೊಂಡಿದ್ದರೆ ಎಂಸಿ ರೀಸೆಟ್ ಕೋಲ್ಡ್ ಎಂಬ ಆಜ್ಞೆ ಅದನ್ನಷ್ಟೇ ಮರುಪ್ರಾರಂಭಿಸುತ್ತದೆ, ಓಡುತ್ತಿರುವ ಆಪರೇಟಿಂಗ್ ಸಿಸ್ಟಮ್ಮಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ.

ಈ ಚಿಪ್ಪನ್ನು ಬಹಿರಂಗ ಇಂಟರ್‌ನೆಟ್ಟಿಗೆ ತೆರೆದಿಡಲೇಬಾರದು, ಐಪಿಎಂಐ 2.0ರ ದೃಢೀಕರಣ ವಿಧಾನದಲ್ಲೇ ಪಾಸ್‌ವರ್ಡಿನ ಹ್ಯಾಷ್ (ಗೂಢರೂಪ) ಹೊರಗಿನವರ ಕೈಗೆ ಸಿಗುವ ದೋಷವಿದೆ. ಹಾಗೆಂದು ಮುಖ್ಯ ನೆಟ್‌ವರ್ಕನ್ನೇ ನಂಬಿ ಅದನ್ನು ಕೂರಿಸಿದರೂ ಪ್ರಯೋಜನವಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದ ಮರೆಯಾದಾಗ, ಅದರ ಬೆನ್ನೆಲುಬಿನ ನೆಟ್‌ವರ್ಕಿನ ಜೊತೆಗೆ ಎಂಜಿನಿಯರುಗಳ ಪರ್ಯಾಯ ದಾರಿಯೂ ಕೆಲಸ ಮಾಡದೆ, ಜನರನ್ನು ಡೇಟಾ ಸೆಂಟರುಗಳಿಗೇ ಕಳುಹಿಸಬೇಕಾಯಿತು.

ಕ್ಲೌಡ್ ಬಾಡಿಗೆದಾರರಿಗೆ ಚಿಪ್ ಸಿಗುವುದಿಲ್ಲ, ಕನ್ಸೋಲ್ ಸಿಗುತ್ತದೆ. ಅಮೆಜಾನ್‌ನ ಇಸಿ2 ಸೀರಿಯಲ್ ಕನ್ಸೋಲ್, ಗೂಗಲ್ ಮತ್ತು ಅಜ್ಯೂರ್‌ಗಳ ಸೀರಿಯಲ್ ಕನ್ಸೋಲ್, ಲಿನೋಡ್‌ನ ಲಿಶ್ ಎಲ್ಲವೂ ಇದೇ ಜಾತಿಯವು. ಅಲ್ಲಿ ಲಾಗಿನ್ ಆಗಲು ಪಾಸ್‌ವರ್ಡ್ ಬೇಕಾಗಬಹುದು. ಕೀಗಳನ್ನು ಮಾತ್ರ ನೆಚ್ಚಿದ ಯಂತ್ರಗಳಲ್ಲಿ ಪಾಸ್‌ವರ್ಡ್ ಇಟ್ಟೇ ಇರುವುದಿಲ್ಲವೆಂಬುದು ಆ ಹೊತ್ತಿಗೆ ತಿಳಿಯುತ್ತದೆ.

ಹಂತ 5: ಗ್ರಬ್ ಮೆನುವಿನಿಂದ

ಕನ್ಸೋಲಿನಲ್ಲಿ ಗ್ರಬ್ (ಕರ್ನಲ್ಲನ್ನು ಎಬ್ಬಿಸುವ ಬೂಟ್ ಲೋಡರ್) ಮೆನು ಕಾಣಿಸಿದಾಗ ಇ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ತುದಿಗೆ ಆಯ್ಕೆಗಳನ್ನು ಸೇರಿಸಬಹುದು. ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿಯ ರೆಸ್ಕ್ಯೂ ಅಥವಾ ಎಮರ್ಜೆನ್ಸಿ ಟಾರ್ಗೆಟ್ ಸೌಮ್ಯವಾದ ದಾರಿ, ಆದರೆ ಉಬುಂಟುವಿನಲ್ಲಿ ರೂಟ್ ಖಾತೆಗೆ ಬೀಗ ಬಿದ್ದಿರುವುದರಿಂದ ಅದು ಒಳಗೆ ಬಿಡದಿರಬಹುದು. ಆಗ ಇನಿಟ್ ಸಮ ಚಿಹ್ನೆಯ ಮುಂದೆ ಬ್ಯಾಷ್‌ನ ಪೂರ್ಣ ದಾರಿ ಕೊಟ್ಟು ಎಬ್ಬಿಸಿ, ರೂಟ್ ಫೈಲ್ ಸಿಸ್ಟಮ್ಮನ್ನು ಬರೆಯುವ ಸ್ಥಿತಿಗೆ ಮರುಮೌಂಟ್ (ಮರುಜೋಡಣೆ) ಮಾಡಿ. ಬೂಟ್ ಆಗದಿರಲು ಎಫ್‌ಎಸ್‌ಟ್ಯಾಬ್‌ನ ಒಂದು ಕೆಟ್ಟ ಸಾಲು ಬಹಳ ಸಲ ಕಾರಣ: ತೆಗೆದುಹಾಕಿದ ಡಿಸ್ಕಿನ ಹೆಸರು ಅಲ್ಲಿ ಉಳಿದಿದ್ದರೆ ಸಿಸ್ಟಂಡಿ 90 ಸೆಕೆಂಡ್ ಕಾದು ಎಮರ್ಜೆನ್ಸಿಗೆ ಇಳಿಯುತ್ತದೆ. ಆ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿ. ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಹೀಗೆ ಒಳಗೆ ಬಂದು ಪಾಸ್‌ವರ್ಡ್ ಬದಲಿಸಿದ ಮೇಲೆ ರೂಟ್ ಡೈರೆಕ್ಟರಿಯಲ್ಲಿ ಆಟೋರೀಲೇಬಲ್ ಎಂಬ ಚುಕ್ಕಿ-ಕಡತ ಸೃಷ್ಟಿಸದಿದ್ದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಮತ್ತೆ ಹೊರಗಿಡುತ್ತದೆ.

ಹಂತ 6: ರೆಸ್ಕ್ಯೂ ವ್ಯವಸ್ಥೆ ಮತ್ತು ಕ್ರೂಟ್

ಹೆಟ್ಜ್ನರ್, ಓವಿಎಚ್ ಮುಂತಾದ ಸರ್ವರ್ ಬಾಡಿಗೆ ಕೊಡುವವರು ನೆಟ್‌ವರ್ಕಿನ ಮೂಲಕ ಪುಟ್ಟ ಲಿನಕ್ಸ್ ಒಂದನ್ನು ಎಬ್ಬಿಸಿಕೊಡುತ್ತಾರೆ. ನಿಮ್ಮ ಡಿಸ್ಕ್ ಅದರ ಪಕ್ಕದಲ್ಲಿ ಮುಟ್ಟದ ಸ್ಥಿತಿಯಲ್ಲಿರುತ್ತದೆ. ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಡಿಸ್ಕುಗಳನ್ನು ಗುರುತಿಸಿ. ರೇಯ್ಡ್ (ಹಲವು ಡಿಸ್ಕುಗಳ ಜೋಡಣೆ) ಇದ್ದರೆ ಎಂಡಿಎಡಿಎಂ ಮೂಲಕ ಜೋಡಿಸಿ, ಎಲ್‌ವಿಎಂ (ಡಿಸ್ಕಿನ ಜಾಗವನ್ನು ಹಂಚುವ ಪದರ) ಇದ್ದರೆ ವಿಜಿಚೇಂಜ್ ಮೂಲಕ ಚಾಲೂ ಮಾಡಿ. ಫೈಲ್ ಸಿಸ್ಟಂ ಕೆಟ್ಟಿದೆಯೆಂಬ ಶಂಕೆಯಿದ್ದರೆ ಮೌಂಟ್ ಮಾಡುವ ಮೊದಲೇ ಪರೀಕ್ಷಿಸಬೇಕು. ಡಿಸ್ಕೇ ಸಾಯುತ್ತಿದ್ದರೆ ರಿಪೇರಿಗೆ ಕೈಹಾಕದೆ ಮೊದಲು ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ, ಏಕೆಂದರೆ ರಿಪೇರಿ ಎಂದರೆ ಆ ಡಿಸ್ಕಿನ ಮೇಲೆ ಇನ್ನಷ್ಟು ಬರೆಯುವುದು.

ಆಮೇಲೆ ರೂಟ್ ವಿಭಾಗವನ್ನು ಎಂಎನ್‌ಟಿ ಡೈರೆಕ್ಟರಿಗೆ ಮೌಂಟ್ ಮಾಡಿ, ಬೂಟ್ ವಿಭಾಗ ಬೇರೆಯಿದ್ದರೆ ಅದನ್ನೂ ಅದರೊಳಗೆ ಸೇರಿಸಿ, ಡೆವ್, ಪ್ರೋಕ್, ಸಿಸ್, ರನ್ ಇವನ್ನು ಬೈಂಡ್ ಮೌಂಟ್ ಮಾಡಿ (ಅಲ್ಲಿಯೂ ಕಾಣುವಂತೆ ಜೋಡಿಸಿ), ಆ ಡೈರೆಕ್ಟರಿಯನ್ನೇ ರೂಟ್ ಆಗಿಸುವ ಕ್ರೂಟ್ ಆಜ್ಞೆಯಿಂದ ಒಳಗೆ ಹೋಗಿ. ಈಗ ನೀವು ನಿಮ್ಮದೇ ಸರ್ವರಿನೊಳಗಿದ್ದೀರಿ. ಪಾಸ್‌ವರ್ಡ್ ಬದಲಿಸಬಹುದು, ತಪ್ಪಾದ ಫೈರ್‌ವಾಲ್ ಸೇವೆಯನ್ನು ಡಿಸೇಬಲ್ ಮಾಡಬಹುದು, ಗ್ರಬ್ ಮರುಸ್ಥಾಪಿಸಬಹುದು. ಎಸ್‌ಎಸ್‌ಎಚ್‌ಡಿಗೆ ಹೈಫನ್ ಟಿ ಕೊಟ್ಟರೆ ಅದರ ಸಂರಚನಾ ಕಡತದಲ್ಲಿರುವ ತಪ್ಪನ್ನು ಸಾಲಿನ ಸಂಖ್ಯೆಯೊಂದಿಗೆ ಹೇಳುತ್ತದೆ. ಎಸ್‌ಎಸ್‌ಎಚ್ ಡೈರೆಕ್ಟರಿಯ ಅನುಮತಿ 700, ಆಥರೈಸ್ಡ್ ಕೀಸ್ ಕಡತದ್ದು 600 ಇದೆಯೇ ನೋಡಿ. ಹೊರಡುವ ಮುನ್ನ ಎಲ್ಲವನ್ನೂ ಅನ್‌ಮೌಂಟ್ ಮಾಡಿ, ಪ್ಯಾನೆಲ್‌ನಲ್ಲಿ ರೆಸ್ಕ್ಯೂ ಆಯ್ಕೆಯನ್ನು ತೆಗೆದು, ಆಮೇಲೆ ರೀಬೂಟ್ ಮಾಡಿ.

ಅಮೆಜಾನ್‌ನಲ್ಲಿ ಇದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಾರೆ: ಕೆಟ್ಟ ಇನ್‌ಸ್ಟನ್ಸನ್ನು (ಬಾಡಿಗೆ ಯಂತ್ರವನ್ನು) ನಿಲ್ಲಿಸಿ, ಅದರ ರೂಟ್ ವಾಲ್ಯೂಮಿನ (ಡಿಸ್ಕಿನ) ಸ್ನ್ಯಾಪ್‌ಶಾಟ್ ತೆಗೆದು, ವಾಲ್ಯೂಮನ್ನು ಕಳಚಿ, ಅದೇ ಅವೈಲಬಿಲಿಟಿ ಝೋನ್‌ನಲ್ಲಿರುವ ಇನ್ನೊಂದು ಇನ್‌ಸ್ಟನ್ಸಿಗೆ ಜೋಡಿಸಿ ಸರಿಪಡಿಸಿ, ಮೊದಲಿದ್ದ ಅದೇ ಡಿವೈಸ್ ಹೆಸರಿನಲ್ಲಿ ಮರಳಿಸುವುದು. ನಿಲ್ಲಿಸಿದಾಗ ಇನ್‌ಸ್ಟನ್ಸ್ ಸ್ಟೋರ್ ಎಂಬ ತಾತ್ಕಾಲಿಕ ಡಿಸ್ಕಿನಲ್ಲಿದ್ದ ಮಾಹಿತಿ ಹೋಗುತ್ತದೆ, ಎಲಾಸ್ಟಿಕ್ ಐಪಿ (ಕಾಯಂ ವಿಳಾಸ) ಇಲ್ಲದಿದ್ದರೆ ಸಾರ್ವಜನಿಕ ವಿಳಾಸವೂ ಬದಲಾಗುತ್ತದೆ. ಎರಡೂ ಒಂದೇ ಇಮೇಜಿನಿಂದ ಹುಟ್ಟಿದ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ಮಿನ ವಾಲ್ಯೂಮುಗಳಾದರೆ ಯುಯುಐಡಿ (ಗುರುತು ಸಂಖ್ಯೆ) ಒಂದೇ ಆಗಿ ಮೌಂಟ್ ಆಗದು. ನೋಯುಯುಐಡಿ ಆಯ್ಕೆ ಕೊಡಿ.

ಇದಾವುದೂ ಆಗದಿದ್ದರೆ ಡೇಟಾ ಸೆಂಟರಿನ ಸಿಬ್ಬಂದಿಯ ಕೈಗಳೇ ಗತಿ. ಟಿಕೆಟ್‌ನಲ್ಲಿ “ಸರ್ವರ್ ಡೌನ್, ದಯವಿಟ್ಟು ನೋಡಿ” ಎಂದಷ್ಟೇ ಬರೆಯಬೇಡಿ. ರ‍್ಯಾಕ್ ಸಂಖ್ಯೆ, ಯಂತ್ರದ ಸೀರಿಯಲ್ ಸಂಖ್ಯೆ, ಮಾಡಬೇಕಾದ ಒಂದೇ ಕೆಲಸ ಮತ್ತು ಮಾಡಬಾರದ ಕೆಲಸವನ್ನು ಸ್ಪಷ್ಟವಾಗಿ ಬರೆಯಿರಿ. ಡಿಸ್ಕ್ ತೆಗೆಸುವುದಾದರೆ ಸ್ಲಾಟ್ ಸಂಖ್ಯೆಯ ಜೊತೆಗೆ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನೂ ಕೊಡಿ.

ಯಂತ್ರ ಮರಳಿದ ಮೇಲೆ

ಸರಿಪಡಿಸಲಾಗದ ದೋಷ ಬಂದು ಕರ್ನಲ್ ಪ್ಯಾನಿಕ್ ಆದಾಗ ಲಿನಕ್ಸ್ ತನ್ನ ಮೂಲ ಹೊಂದಾಣಿಕೆಯಲ್ಲಿ ಸಾಮಾನ್ಯವಾಗಿ ಸುಮ್ಮನೆ ನಿಂತುಬಿಡುತ್ತದೆ. ಕರ್ನಲ್ ಡಾಟ್ ಪ್ಯಾನಿಕ್ ಎಂಬ ಸಿಸ್‌ಕಂಟ್ರೋಲ್ ಮೌಲ್ಯವನ್ನು 10 ಎಂದಿಟ್ಟರೆ ಹತ್ತು ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗುತ್ತದೆ. ಸಿಸ್ಟಂಡಿಯ ರನ್‌ಟೈಮ್ ವಾಚ್‌ಡಾಗ್ ಚಾಲೂ ಮಾಡಿದರೆ ಹೆಪ್ಪುಗಟ್ಟಿದ ಯಂತ್ರವನ್ನು ಹಾರ್ಡ್‌ವೇರೇ ಎಬ್ಬಿಸುತ್ತದೆ.

ನೆಟ್‌ವರ್ಕ್ ಅಥವಾ ಫೈರ್‌ವಾಲ್ ಬದಲಿಸುವಾಗ ಹಿಂದಿರುಗುವ ವ್ಯವಸ್ಥೆಯನ್ನು ಮೊದಲೇ ಹೂಡಬೇಕು. ಉಬುಂಟುವಿನಲ್ಲಿ ನೆಟ್‌ಪ್ಲಾನ್ ಟ್ರೈ ಎಂದರೆ 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯ ಹೊಂದಾಣಿಕೆ ಮರಳುತ್ತದೆ. ಐಪಿಟೇಬಲ್ಸ್-ಅಪ್ಲೈ ಫೈರ್‌ವಾಲ್‌ಗೆ ಇದೇ ಕೆಲಸ ಮಾಡುತ್ತದೆ. ಬೇರೇನೂ ಇಲ್ಲದಿದ್ದರೆ, ಬದಲಾವಣೆಯನ್ನು ಕಡತಕ್ಕೆ ಬರೆಯದೆ ಚಾಲೂ ಮಾತ್ರ ಮಾಡಿ, ಅದಕ್ಕೂ ಮುಂಚೆ ಹತ್ತು ನಿಮಿಷದ ಶಟ್‌ಡೌನ್ ಹೈಫನ್ ಆರ್ ಹೂಡಿಡಿ. ಎಲ್ಲ ಸರಿಯಿದ್ದರೆ ಶಟ್‌ಡೌನ್ ಹೈಫನ್ ಸಿ ಕೊಟ್ಟು ರದ್ದುಮಾಡಿ. ರದ್ದುಮಾಡುವ ಮುನ್ನ ಪರೀಕ್ಷೆಯನ್ನು ಹೊಸ ಸೆಷನ್ ತೆರೆದೇ ಮಾಡಬೇಕು, ಏಕೆಂದರೆ ಹೊಸ ಸಂಪರ್ಕಗಳನ್ನು ತಡೆಯುವ ನಿಯಮಗಳು ಹಳೆಯ ಸೆಷನ್ನನ್ನು ನಡೆಯಲು ಬಿಡುವುದೇ ಹೆಚ್ಚು.